ವಾರಕ್ಕೆ ಒಂಬತ್ತೂವರೆ ಗಂಟೆ: ಲೆಕ್ಕಪತ್ರದಿಂದ ಪ್ರೋಗ್ರಾಮಿಂಗ್‌ಗೆ ಹೊರಟ ಒಂದು ಪ್ರಕರಣ

ಪರಿಸ್ಥಿತಿ

ವಯಸ್ಸು 43. ಹದಿನೆಂಟು ವರ್ಷದಿಂದ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ತಿಂಗಳ ಕೊನೆಯ ವರದಿ, ಬ್ಯಾಂಕ್ ಖಾತೆಗಳ ತಾಳೆ, ಲೆಕ್ಕಪರಿಶೋಧಕರ ಪ್ರಶ್ನೆಗಳಿಗೆ ಉತ್ತರ, ಇಷ್ಟು ಈಗಿನ ಹೊಣೆ. ಓದಿದ್ದು ವಾಣಿಜ್ಯ ಪದವಿ. ಎಕ್ಸೆಲ್‌ನ ಪಿವಟ್ ಟೇಬಲ್, ವಿ-ಲುಕಪ್ ನಿದ್ದೆಗಣ್ಣಲ್ಲೂ ಬರುತ್ತವೆ. ಯಾರೋ ಬರೆದಿಟ್ಟು ಹೋದ ಮ್ಯಾಕ್ರೊವೊಂದನ್ನು ಅಂದಾಜಿನ ಮೇಲೆ ತಿದ್ದಿ ಓಡಿಸಿದ್ದೂ ಉಂಟು. ಆದರೆ ಪ್ರೋಗ್ರಾಮಿಂಗ್ ಅನ್ನು ಕ್ರಮವಾಗಿ ಕಲಿತಿಲ್ಲ. ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಮಕ್ಕಳು, ತೀರದ ಗೃಹಸಾಲ, ಎಂಟು ತಿಂಗಳ ಮನೆಖರ್ಚಿಗೆ ಸಾಲುವ ಉಳಿತಾಯ.

ಅಭ್ಯರ್ಥಿ ಕೇಳಿದ ಪ್ರಶ್ನೆ ಇದು: ಮೂರು ತಿಂಗಳ ಬೂಟ್‌ಕ್ಯಾಂಪ್ (ಕಡಿಮೆ ಅವಧಿಯ ಬಿರುಸಿನ ತರಬೇತಿ) ಸೇರುವುದೋ, ಕಂಪ್ಯೂಟರ್ ಸೈನ್ಸ್ ಡಿಗ್ರಿ ಮಾಡುವುದೋ, ಪುಕ್ಕಟೆ ಸಿಗುವ ಆನ್‌ಲೈನ್ ಪಾಠಗಳಲ್ಲೇ ಕಲಿಯುವುದೋ?

ಈ ಅಭ್ಯರ್ಥಿ ಯಾರೋ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ನಡುವಯಸ್ಸಿನಲ್ಲಿ ವೃತ್ತಿ ಬದಲಿಸುವವರಿಗೆ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಟ್ಟು ಮಾಡಿ ಕಟ್ಟಿದ ಮಾದರಿ ಪ್ರಕರಣ ಇದು. ಗಂಟೆ-ವಾರಗಳ ಲೆಕ್ಕವನ್ನು ಯಾರು ಬೇಕಾದರೂ ತಮ್ಮ ಅಂಕಿ ಹಾಕಿ ಮಾಡಿ ನೋಡಬಹುದು.

ಕೇಳಿದ ಪ್ರಶ್ನೆಯಲ್ಲೇ ಒಂದು ತೊಡಕಿದೆ. ಮೂರೂ ಕಲಿಯುವ ಜಾಗಗಳ ಹೆಸರುಗಳು. ಕಲಿತ ಮೇಲೆ ಯಾವ ಕೆಲಸದ ಬಾಗಿಲು ತಟ್ಟಬೇಕು ಎಂಬುದು ಎಲ್ಲೂ ಇಲ್ಲ. ಇಲ್ಲಿ ತೀರ್ಮಾನ ಹುಟ್ಟಿದ್ದು ಎರಡು ಲೆಕ್ಕಗಳಿಂದ. ವಾರಕ್ಕೆ ನಿಜವಾಗಿ ಎಷ್ಟು ಗಂಟೆ ಸಿಗುತ್ತದೆ, ಹದಿನೆಂಟು ವರ್ಷದ ಕಸುಬಿಗೆ ಯಾವ ಬಾಗಿಲಲ್ಲಿ ಬೆಲೆ ಇದೆ. ಕೋರ್ಸಿನ ಆಯ್ಕೆ ಇವೆರಡೂ ಮುಗಿದ ಮೇಲೆ ಬಂತು.

ಗಂಟೆಯ ಲೆಕ್ಕ

ವಾರಕ್ಕೆ ಹದಿನೈದು ಗಂಟೆ ಕೊಡಬಲ್ಲೆ ಎಂದು ಅಭ್ಯರ್ಥಿ ಮೊದಲು ಹೇಳಿದ್ದರು. ಸಾಮಾನ್ಯವಾಗಿ ಎಲ್ಲರೂ ಹೆಚ್ಚೇ ಹೇಳುತ್ತಾರೆ, ಏಕೆಂದರೆ ಖಾಲಿ ಇರುವ ಹೊತ್ತೆಲ್ಲ ಕಲಿಯುವ ಹೊತ್ತು ಎಂದೇ ಎಣಿಸುತ್ತಾರೆ. ಎರಡು ವಾರ ಅರ್ಧರ್ಧ ಗಂಟೆಯ ಲೆಕ್ಕ ಬರೆದಿಟ್ಟಾಗ ಉಳಿದದ್ದು 9.5 ಗಂಟೆ: ನಾಲ್ಕು ದಿನ ಬೆಳಗಿನ ಒಂದೊಂದು ಗಂಟೆ, ಎರಡು ಸಂಜೆ ಒಂದೊಂದು ಗಂಟೆ, ಭಾನುವಾರ ಮೂರೂವರೆ. ಸಂಜೆಯ ಎರಡು ಗಂಟೆಗಳಲ್ಲಿ ಓದಬಹುದು, ವಿಡಿಯೊ ನೋಡಬಹುದು. ಹೊಸ ಕೋಡ್ ಬರೆಯಲು ತಲೆ ಓಡುವುದಿಲ್ಲ. ಅಲ್ಲಿಗೆ ಬರೆಯಲು ಸಿಗುವುದು ಏಳೂವರೆ ಗಂಟೆ.

ಎರಡು ವಾರದ ಪಟ್ಟಿಯಲ್ಲಿ ಕಾಣದ ಇನ್ನೊಂದು ಸಂಗತಿ ಇತ್ತು. ಲೆಕ್ಕಪತ್ರದವರಿಗೆ ತಿಂಗಳಿಗೊಂದು ಕ್ಲೋಸಿಂಗ್ ವಾರ, ಅಂದರೆ ತಿಂಗಳ ಲೆಕ್ಕ ಮುಗಿಸುವ ವಾರ, ಇರುತ್ತದೆ. ಆ ವಾರ ಎರಡು ಗಂಟೆ ಸಿಕ್ಕರೆ ಪುಣ್ಯ. ವರ್ಷದ 52 ವಾರಗಳಲ್ಲಿ 12 ಕ್ಲೋಸಿಂಗ್‌ಗೆ ಹೋದವು, ರಜೆ, ಕಾಯಿಲೆ, ಮನೆಯ ಕಾರ್ಯಕ್ರಮ ಎಂದು 4 ಹೋದವು, ಉಳಿದದ್ದು 36. ಮೂವತ್ತಾರು ಗುಣಿಸು 9.5 ಎಂದರೆ 342, ಅದಕ್ಕೆ ಕ್ಲೋಸಿಂಗ್ ವಾರಗಳ 24 ಕೂಡಿಸಿದರೆ ವರ್ಷಕ್ಕೆ 366 ಗಂಟೆ. ಸರಾಸರಿ ವಾರಕ್ಕೆ ಏಳು ಗಂಟೆ, ಬಾಯಲ್ಲಿ ಹೇಳಿದ್ದರ ಅರ್ಧಕ್ಕಿಂತ ಕಡಿಮೆ. ಮುಂದಿನ ಎಲ್ಲ ಲೆಕ್ಕಕ್ಕೂ ಈ 366 ಆಧಾರ. ಬೇರೆ ವೃತ್ತಿಯವರಿಗೂ ಇಂಥದ್ದೊಂದು ಇರುತ್ತದೆ: ಶಿಕ್ಷಕರಿಗೆ ಪರೀಕ್ಷೆಯ ತಿಂಗಳು, ದಾದಿಯರಿಗೆ ರಾತ್ರಿಪಾಳಿಯ ಸರದಿ. ಅದನ್ನು ಬಿಟ್ಟು ಹಾಕಿದ ವೇಳಾಪಟ್ಟಿ ಆರನೇ ವಾರದ ಹೊತ್ತಿಗೆ ಮುರಿದು ಬೀಳುತ್ತದೆ, ಕಲಿಯುವವರು ತಮ್ಮ ವಯಸ್ಸನ್ನು ದೂರುತ್ತಾರೆ.

ವಯಸ್ಸಿನ ಮಾತು ಬಂದದ್ದಕ್ಕೆ ಇಲ್ಲೇ ಹೇಳಿಬಿಡಬೇಕು. ಈ ಪ್ರಕರಣದಲ್ಲಿ ನೆನಪಿನ ಶಕ್ತಿ ಎಂದೂ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ತುಂಡು ತುಂಡಾದ ಹೊತ್ತು. ಗುರುವಾರ ಬೆಳಿಗ್ಗೆ ಅರ್ಧಕ್ಕೆ ಬಿಟ್ಟ ಪ್ರೋಗ್ರಾಂ ಭಾನುವಾರ ತೆರೆದಾಗ ಅಪರಿಚಿತರು ಬರೆದಂತೆ ಕಾಣುತ್ತದೆ. ಇದಕ್ಕೆ ಸರಳ ಉಪಾಯವಿದೆ. ಏಳುವ ಮೊದಲು ಕಡತದ ಮೇಲ್ಗಡೆ ಎರಡು ಸಾಲು ಬರೆದಿಡುವುದು: ಈಗ ಏನು ಕೆಲಸ ಮಾಡುತ್ತಿದೆ, ಮುಂದಿನ ಸಣ್ಣ ಹೆಜ್ಜೆ ಯಾವುದು. ಇದರಿಂದ ಪ್ರತಿ ಸಲ ಹತ್ತು ಹದಿನೈದು ನಿಮಿಷ ಉಳಿಯಿತು. ಒಂದು ಗಂಟೆಯ ಪಾಳಿಯಲ್ಲಿ ಅದು ಸುಮಾರು ಕಾಲುಭಾಗ.

ಯಾವ ಬಾಗಿಲು

ಎರಡು ಭಾನುವಾರ ಕೂತು 40 ಉದ್ಯೋಗ ಜಾಹೀರಾತುಗಳನ್ನು ಪೂರ್ತಿ ಓದಿ ಶೀಟ್‌ನಲ್ಲಿ ತುಂಬಿದ್ದಾಯಿತು. ಯಾವ ಭಾಷೆ, ಯಾವ ಉಪಕರಣ, ಡಿಗ್ರಿ ಕಡ್ಡಾಯವೋ ಅಥವಾ 'ಸಮಾನ ಅನುಭವ' ನಡೆಯುತ್ತದೋ, ಎಷ್ಟು ವರ್ಷದ ಅನುಭವ, ಇಷ್ಟೇ ಕಾಲಮ್ಮುಗಳು. ಅಭ್ಯರ್ಥಿಯ ಮನಸ್ಸಿನಲ್ಲಿದ್ದದ್ದು ವೆಬ್ ಪುಟಗಳ ಮುಂಭಾಗ ಕಟ್ಟುವ ಕೆಲಸ, ಏಕೆಂದರೆ ಕಣ್ಣಿಗೆ ಬೀಳುವ ಜಾಹೀರಾತು ಪಾಠಗಳೆಲ್ಲ ಅದನ್ನೇ ಕಲಿಸುತ್ತವೆ. ಅಲ್ಲಿ ಹದಿನೆಂಟು ವರ್ಷದ ಅನುಭವದ ಬೆಲೆ ಸೊನ್ನೆ. ಆಗತಾನೇ ಕಾಲೇಜು ಮುಗಿಸಿದವರ ಸಾಲಿನಲ್ಲೇ ನಿಲ್ಲಬೇಕು. ಹಣಕಾಸಿನ ದತ್ತಾಂಶ ಮತ್ತು ವರದಿ ವ್ಯವಸ್ಥೆಗಳ ಕೆಲಸದ ಜಾಹೀರಾತುಗಳು ಬೇರೆ ರೀತಿ ಇದ್ದವು. ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆಯಾದ ಎಸ್‌ಕ್ಯೂಎಲ್ ಬಹುತೇಕ ಎಲ್ಲದರಲ್ಲೂ ಇತ್ತು, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಅದರ ಹಿಂದೆ, ಕೊನೆಯ ಸಾಲಿನಲ್ಲಿ 'ಲೆಕ್ಕಪತ್ರದ ತಿಳಿವಳಿಕೆ ಇದ್ದವರಿಗೆ ಆದ್ಯತೆ'.

ಆ ಕೊನೆಯ ಸಾಲೇ ಬಾಗಿಲು. ಪೈಥಾನ್ ಬಲ್ಲ ಯುವಕರು ಬೇಕಾದಷ್ಟು ಸಿಗುತ್ತಾರೆ. ಒಟ್ಟು ಮೊತ್ತ ನೋಡಿದ ಕೂಡಲೇ 'ಇದು ಎರಡು ಸಲ ಕೂಡಿದೆ' ಎಂದು ಮೂಗಿಗೆ ವಾಸನೆ ಬಡಿಯುವವರು ಅಪರೂಪ.

ನಾಲ್ಕು ದಾರಿಗಳ ತೂಕ

ಪೂರ್ಣಾವಧಿ ಬೂಟ್‌ಕ್ಯಾಂಪ್: 12 ವಾರ, ಹೋಂವರ್ಕ್ ಸೇರಿ ವಾರಕ್ಕೆ 60 ಗಂಟೆ ಎಂದರೆ 720 ಗಂಟೆ. ಅಭ್ಯರ್ಥಿಯ ವೇಗದಲ್ಲಿ ಎರಡು ವರ್ಷದ ಕಲಿಕೆ ಮೂರು ತಿಂಗಳಿಗೆ ಇಳಿಯುತ್ತದೆ. ಆಕರ್ಷಣೆ ಇರುವುದು ಇಲ್ಲೇ. ಅಪಾಯ ಇರುವುದು ಅದರ ನಂತರದ ತಿಂಗಳುಗಳಲ್ಲಿ. ಕೆಲಸ ಬಿಡಬೇಕು. ಮೂರು ತಿಂಗಳ ಪಾಠ, ಮೇಲೆ ನಾಲ್ಕರಿಂದ ಆರು ತಿಂಗಳ ಹುಡುಕಾಟ ಎಂದು ಹಿಡಿದರೆ ಏಳರಿಂದ ಒಂಬತ್ತು ತಿಂಗಳು ಸಂಬಳವಿಲ್ಲ, ಜೊತೆಗೆ ಶುಲ್ಕ. ಎಂಟು ತಿಂಗಳ ಉಳಿತಾಯ ಸರಿಯಾಗಿ ಸಂದರ್ಶನಗಳ ಹೊತ್ತಿಗೆ ಬರಿದಾಗುತ್ತದೆ. ಆಗ ಸಿಕ್ಕ ಮೊದಲ ಕೆಲಸಕ್ಕೆ, ಕೊಟ್ಟಷ್ಟು ಸಂಬಳಕ್ಕೆ ಒಪ್ಪದೆ ಗತ್ಯಂತರವಿಲ್ಲ. ಈ ವ್ಯಾಪಾರವೂ ಅಷ್ಟು ಗಟ್ಟಿಯಲ್ಲ. ಈ ಮಾದರಿಯನ್ನು ಜನಪ್ರಿಯಗೊಳಿಸಿದ ಡೆವ್ ಬೂಟ್‌ಕ್ಯಾಂಪ್ 2012ರಲ್ಲಿ ಶುರುವಾಗಿ 2017ರಲ್ಲಿ ಮುಚ್ಚಿತು, ಅದೇ ವರ್ಷ ದಿ ಐರನ್ ಯಾರ್ಡ್ ಕೂಡ ಮುಚ್ಚಿತು. ವಿಶ್ವವಿದ್ಯಾಲಯಗಳ ಹೆಸರಿನಲ್ಲಿ ಬೂಟ್‌ಕ್ಯಾಂಪ್ ನಡೆಸುತ್ತಿದ್ದ 2ಯು ಸಂಸ್ಥೆ ಅವನ್ನು ನಿಲ್ಲಿಸುವುದಾಗಿ 2024ರ ಡಿಸೆಂಬರಿನಲ್ಲಿ ಹೇಳಿತು.

ಡಿಗ್ರಿ: ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಮೂರು ವರ್ಷದ ಪದವಿಗೆ 180 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ ದುಡಿಮೆ. ಕಡಿಮೆಯದನ್ನೇ ಹಿಡಿದರೂ 4,500 ಗಂಟೆ. ವರ್ಷಕ್ಕೆ 366ರಂತೆ ಹನ್ನೆರಡು ವರ್ಷ ದಾಟುತ್ತದೆ, ಮುಗಿಯುವಾಗ ವಯಸ್ಸು 55. ಎರಡನೇ ಪದವಿಯ ಮಾತು ಅಲ್ಲಿಗೆ ನಿಂತಿತು. ಸ್ನಾತಕೋತ್ತರ ಪದವಿಯ ಲೆಕ್ಕ ಸ್ವಲ್ಪ ಮೃದು. ಜಾರ್ಜಿಯಾ ಟೆಕ್ 2014ರಲ್ಲಿ ಆರಂಭಿಸಿದ ಆನ್‌ಲೈನ್ ಕಂಪ್ಯೂಟರ್ ಸೈನ್ಸ್ ಸ್ನಾತಕೋತ್ತರ ಪದವಿಯಲ್ಲಿ ಇರುವುದು ಹತ್ತು ಕೋರ್ಸು, ಒಂದೊಂದು 3 ಕ್ರೆಡಿಟ್. ಅಮೆರಿಕದ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆ ತರಗತಿ, ಎರಡು ಗಂಟೆ ಮನೆಯ ಓದು. 15 ವಾರಕ್ಕೆ 45 ಗಂಟೆ. ಹಾಗಾಗಿ ಒಂದು ಕೋರ್ಸಿಗೆ 135 ಗಂಟೆ, ಹತ್ತಕ್ಕೆ 1,350. ಅಭ್ಯರ್ಥಿಗೆ 15 ವಾರದ ಸೆಮಿಸ್ಟರಿನಲ್ಲಿ, ಮೂರೂವರೆ ಕ್ಲೋಸಿಂಗ್ ವಾರ ಕಳೆದು, ಸಿಗುವುದು ಸುಮಾರು 116 ಗಂಟೆ. ಹತ್ತೊಂಬತ್ತು ಗಂಟೆ ಕಡಿಮೆ. ಎರಡೂವರೆ ದಿನ ರಜೆ ಹಾಕಿದರೆ ಸರಿಹೋಗುತ್ತದೆ. ಅಂದರೆ ಸೆಮಿಸ್ಟರಿಗೆ ಒಂದೇ ಕೋರ್ಸು, ಸುಮಾರು ನಾಲ್ಕು ವರ್ಷ. ಅಸಾಧ್ಯವಲ್ಲ. ಆದರೆ ಡೇಟಾ ಸ್ಟ್ರಕ್ಚರ್ (ದತ್ತಾಂಶವನ್ನು ಜೋಡಿಸಿಡುವ ವಿಧಾನಗಳು) ಗೊತ್ತಿಲ್ಲದೆ ಅಲ್ಲಿ ಕಾಲಿಟ್ಟರೆ ಮೊದಲ ಕೋರ್ಸಿನಲ್ಲೇ ಮುಗ್ಗರಿಸುವುದು ಖಚಿತ. ಆದ್ದರಿಂದ ಅದು ಎರಡನೇ ಹಂತಕ್ಕೆ ಸರಿಯಿತು.

ಪುಕ್ಕಟೆ ಪಾಠ: ಹಾರ್ವರ್ಡ್‌ನ ಸಿಎಸ್50, ಫ್ರೀಕೋಡ್‌ಕ್ಯಾಂಪ್, ದಿ ಓಡಿನ್ ಪ್ರಾಜೆಕ್ಟ್, ಎಂಐಟಿಯ ಓಪನ್‌ಕೋರ್ಸ್‌ವೇರ್. ಗುಣಮಟ್ಟದಲ್ಲಿ ದುಡ್ಡು ಕೊಟ್ಟು ಕಲಿಯುವ ಹಲವು ಕೋರ್ಸುಗಳಿಗಿಂತ ಇವು ಮೇಲು. ಕೊರತೆ ಇರುವುದು ಮುಗಿಸುವುದರಲ್ಲಿ. ಹಾರ್ವರ್ಡ್ ಮತ್ತು ಎಂಐಟಿ ಎಡ್‌ಎಕ್ಸ್ ಎಂಬ ಆನ್‌ಲೈನ್ ತಾಣದಲ್ಲಿ ನಡೆಸಿದ ಕೋರ್ಸುಗಳ ದತ್ತಾಂಶವನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 2017-18ರಲ್ಲಿ ಹೆಸರು ನೋಂದಾಯಿಸಿದವರಲ್ಲಿ ಮುಗಿಸಿದವರು ಶೇ. 3ರಷ್ಟು; ಪ್ರಮಾಣಪತ್ರಕ್ಕೆಂದು ಹಣ ಕಟ್ಟಿದವರಲ್ಲಿ ಶೇ. 46. ಹಣ ಕಟ್ಟಿದ್ದರಿಂದಲೇ ಮುಗಿಸಿದರು ಎಂದು ಇದನ್ನು ಓದಬಾರದು. ಮುಗಿಸಲೇಬೇಕೆಂದು ಬಂದವರೇ ಹಣ ಕಟ್ಟಿರಬಹುದು. ಪುಕ್ಕಟೆ ದಾರಿಯಲ್ಲಿ ಇಲ್ಲದ ಇನ್ನೊಂದು, ಬರೆದ ಕೋಡನ್ನು ಬಲ್ಲವರೊಬ್ಬರು ಓದಿ ತಿದ್ದುವುದು.

ನಾಲ್ಕನೆಯದು ಅರೆಕಾಲಿಕ, ಬೋಧಕರಿರುವ ಕೋರ್ಸು. ಕೆಲಸ ಬಿಡಬೇಕಿಲ್ಲ, ತಿದ್ದುವವರಿರುತ್ತಾರೆ. ಆದರೆ ಇದರಲ್ಲೇ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಅಂತರ ಅತಿ ಹೆಚ್ಚು.

ತೀರ್ಮಾನ ಹೀಗಾಯಿತು: ಪುಕ್ಕಟೆ ಪಾಠದಲ್ಲಿ 12 ವಾರದ ಪರೀಕ್ಷೆ, ತೇರ್ಗಡೆಯಾದರೆ 8 ವಾರ ಎಸ್‌ಕ್ಯೂಎಲ್, ಆಮೇಲೆ ಅರೆಕಾಲಿಕ ಕೋರ್ಸು, ಡಿಗ್ರಿಯ ಮಾತು ಮೊದಲ ಕೆಲಸ ಸಿಕ್ಕ ನಂತರ. ಹಿಂದಿರುಗಲು ಬರುವ ಅಗ್ಗದ ಹೆಜ್ಜೆಗಳು ಮೊದಲು, ಹಿಂದಿರುಗಲಾಗದ ದುಬಾರಿ ಹೆಜ್ಜೆಗಳು ಕೊನೆಗೆ.

ಹನ್ನೆರಡು ವಾರದ ಪರೀಕ್ಷೆ

ತೇರ್ಗಡೆಯ ಷರತ್ತುಗಳನ್ನು ಮೊದಲೇ ಬರೆದಿಡಲಾಯಿತು, ಆಮೇಲೆ ಸಡಿಲಿಸಬಾರದೆಂದು. ಕ್ಲೋಸಿಂಗ್ ಇಲ್ಲದ ಒಂಬತ್ತು ವಾರಗಳಲ್ಲಿ ಕನಿಷ್ಠ ಏಳರಲ್ಲಿ ಏಳು ಗಂಟೆ ಕೂರಬೇಕು. ಕೊನೆಯಲ್ಲಿ, ಪಾಠದ ವಿಡಿಯೊ ನೋಡದೆ, ಎರಡು ಸಿಎಸ್‌ವಿ ಕಡತಗಳನ್ನು (ಅಲ್ಪವಿರಾಮದಿಂದ ಬೇರ್ಪಟ್ಟ ಪಠ್ಯರೂಪದ ಪಟ್ಟಿಗಳನ್ನು) ತಾಳೆ ಹಾಕುವ ಸುಮಾರು 150 ಸಾಲಿನ ಪ್ರೋಗ್ರಾಂ ಬರೆಯಬೇಕು. ಮೂರನೆಯದು ವಿಚಿತ್ರವೆನಿಸಬಹುದು: ಎರಡು ಗಂಟೆ ಸಿಕ್ಕಿಹಾಕಿಕೊಂಡು ಏಳಬೇಕಾಗಿ ಬಂದ ದಿನದ ಮರುದಿನ, ಯಾರೂ ನೂಕದೆ, ಮತ್ತೆ ಬಂದು ಕೂರಬೇಕು. ಈ ಕೆಲಸದ ಬಹುಪಾಲು ಇರುವುದೇ ಹಾಗೆ. ಕೋಡ್ ಬರೆಯುವುದು ಖುಷಿ ಕೊಡುತ್ತದೆಯೇ ಎಂಬುದಕ್ಕಿಂತ, ಓಡದ ಕೋಡಿನ ಮುಂದೆ ಕೂರುವುದು ಸಹ್ಯವೇ ಎಂಬುದು ಮುಖ್ಯ.

ಸಿಕ್ಕ ಗಂಟೆ ಸುಮಾರು 90. ಮೊದಲ ಆರು ಗಂಟೆ ಕಲಿಕೆಗೆ ಸೇರಲೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ಎರಡು ಪೈಥಾನ್ ಆವೃತ್ತಿಗಳು ಇದ್ದವು, ಒಂದರಲ್ಲಿ ಹಾಕಿದ ಲೈಬ್ರರಿ (ಸಿದ್ಧ ಕೋಡಿನ ಕಂತೆ) ಇನ್ನೊಂದಕ್ಕೆ ಕಾಣಲಿಲ್ಲ. ಒಂದು ಆವೃತ್ತಿ ತೆಗೆದು, ಪ್ರತಿ ಪ್ರಾಜೆಕ್ಟಿಗೂ ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದರ ಲೈಬ್ರರಿ ಇನ್ನೊಂದಕ್ಕೆ ತಾಗದ ಕೋಣೆ) ಮಾಡುವುದು ರೂಢಿಯಾದ ಮೇಲೆ ಆ ಕಾಟ ತೀರಿತು. ಯಂತ್ರದಲ್ಲಿ 8 ಜಿಬಿ ಮೆಮೊರಿ ಇತ್ತು. ಪೈಥಾನ್‌ಗೆ, ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿಗೆ ಧಾರಾಳ. ಪ್ರೋಗ್ರಾಮುಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್ ಬಳಸುವವರೆಗೆ 16 ಜಿಬಿಯ ಯೋಚನೆ ಬೇಡ.

ನಾಲ್ಕು, ಐದನೇ ವಾರದಲ್ಲಿ ಎಲ್ಲರೂ ಬೀಳುವ ಹೊಂಡಕ್ಕೆ ಬಿದ್ದರು. ವಿಡಿಯೊ ನೋಡುವಾಗ ಎಲ್ಲ ಅರ್ಥವಾಗುತ್ತದೆ, ಖಾಲಿ ಪರದೆ ಮುಂದೆ ಒಂದು ಸಾಲೂ ಬರುವುದಿಲ್ಲ. ಗುರುತಿಸುವುದೇ ಬೇರೆ, ನೆನಪಿನಿಂದ ಹೊರತೆಗೆಯುವುದೇ ಬೇರೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓದಿದ್ದನ್ನೇ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ಮುಂದಿದ್ದವರು ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು. ಆರನೇ ವಾರದಿಂದ ಕ್ರಮ ಬದಲಾಯಿತು. ಇಪ್ಪತ್ತು ನಿಮಿಷ ಪಾಠ, ವಿಡಿಯೊ ಮುಚ್ಚಿ ನಲವತ್ತು ನಿಮಿಷ ಅದನ್ನೇ ಮೊದಲಿಂದ ಬರೆಯುವುದು, ಮೂರು ದಿನ ಬಿಟ್ಟು ಇನ್ನೊಮ್ಮೆ ಬರೆಯುವುದು. ವೇಗ ಅರ್ಧಕ್ಕೆ ಇಳಿದಂತೆ ಕಂಡಿತು, ಆದರೆ ಬರೆಯುವ ಕೈ ಪಳಗಿತು.

ಕೃತಕ ಬುದ್ಧಿಮತ್ತೆಯ ಸಹಾಯಕಗಳಿಗೂ ಒಂದು ನಿಯಮವಿತ್ತು. ಈ 12 ವಾರ ಎಡಿಟರಿನಲ್ಲಿ ತಾನಾಗಿ ಕೋಡ್ ತುಂಬಿಸುವ ಸೌಲಭ್ಯ ಬಂದ್. ದೋಷ ಸಂದೇಶದ ಅರ್ಥ ಕೇಳಬಹುದು. ಉತ್ತರದ ಕೋಡ್ ಕೇಳುವಂತಿಲ್ಲ. ಅದು ಬರೆದ 150 ಸಾಲು ಹೆಚ್ಚಿನ ಸಲ ಓಡುತ್ತದೆ. ಒಂದು ವಹಿವಾಟು ಮಾತ್ರ ತಪ್ಪಾಗಿ ಜೋಡಿಯಾದಾಗ, ಎಲ್ಲಿ ಎಂದು ಹುಡುಕಲು ಕೋಡ್ ಬರೆದ ಕೈ ಬೇಕು.

ತಾಳೆ ಪ್ರೋಗ್ರಾಮಿನಲ್ಲಿ ಏನೆಲ್ಲ ಕೆಟ್ಟಿತು

ಕೆಲಸ ಹೇಳಲು ಸುಲಭ: ಬ್ಯಾಂಕಿನ ಪಟ್ಟಿ ಒಂದು, ಪುಸ್ತಕದ ಪಟ್ಟಿ ಒಂದು, ದಿನಾಂಕ, ಮೊತ್ತ, ಉಲ್ಲೇಖ ಸಂಖ್ಯೆ ಹೊಂದಿದರೆ ಜೋಡಿ, ಉಳಿದದ್ದು ಪ್ರತ್ಯೇಕ. ಮೊದಲ ಆವೃತ್ತಿ 40 ಸಾಲಿನಲ್ಲಿ ಮುಗಿಯಿತು. ಉತ್ತರ ಪೂರ್ತಿ ತಪ್ಪು.

ಮೊದಲ ಕಾರಣ ಪೈಸೆ. ಕಂಪ್ಯೂಟರಿನ ಫ್ಲೋಟ್ (ದಶಮಾಂಶ ಬಿಂದು ಇರುವ) ಸಂಖ್ಯೆಗಳು ದ್ವಿಮಾನದಲ್ಲಿ, ಅಂದರೆ 0 ಮತ್ತು 1ರಲ್ಲಿ, ಇರುವುದರಿಂದ 0.1 ಕೂಡಿಸು 0.2 ಎಂದರೆ ಪೈಥಾನ್ 0.30000000000000004 ಎನ್ನುತ್ತದೆ. 'ಸಮವೇ?' ಎಂದು ಕೇಳಿದರೆ ಅಲ್ಲ ಎನ್ನುತ್ತದೆ. ಹಣಕ್ಕೆ ಪೈಥಾನಿನ ಡೆಸಿಮಲ್ ಮಾಡ್ಯೂಲ್ (ಹತ್ತರ ಪದ್ಧತಿಯಲ್ಲೇ ಲೆಕ್ಕ ಮಾಡುವ ಭಾಗ) ಬಳಸಬೇಕು, ಅದೂ ಮೊತ್ತವನ್ನು ಪಠ್ಯದಿಂದ ನೇರ ಡೆಸಿಮಲ್‌ಗೆ ತರಬೇಕು. ನಡುವೆ ಫ್ಲೋಟ್ ಬಂದರೆ ಕೊಳೆ ಜೊತೆಗೇ ಬರುತ್ತದೆ. ಪೂರ್ಣಾಂಕಕ್ಕೆ ಇಳಿಸುವುದರಲ್ಲೂ ಒಂದು ತೊಡಕಿದೆ. ಎಕ್ಸೆಲ್‌ನ ರೌಂಡ್ 2.5 ಅನ್ನು 3 ಮಾಡುತ್ತದೆ, ಪೈಥಾನಿನ ರೌಂಡ್ ಅದನ್ನೇ 2 ಮಾಡುತ್ತದೆ, ಏಕೆಂದರೆ ಅರ್ಧ ಬಂದಾಗ ಅದು ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಎರಡೂ ಸರಿಯಾದ ಪದ್ಧತಿಗಳೇ. ಯಾವುದು ಬೇಕೆಂದು ಡೆಸಿಮಲ್‌ನಲ್ಲಿ ಬಾಯಿಬಿಟ್ಟು ಹೇಳಬೇಕು.

ಎರಡನೆಯದು ಉಲ್ಲೇಖ ಸಂಖ್ಯೆ. ಸಿಎಸ್‌ವಿಯನ್ನು ಒಮ್ಮೆ ಎಕ್ಸೆಲ್‌ನಲ್ಲಿ ತೆರೆದು ಉಳಿಸಿದ್ದರಿಂದ 000457 ಎಂಬುದು 457 ಆಗಿತ್ತು. ಉದ್ದ ಸಂಖ್ಯೆಗಳಲ್ಲಿ ಹದಿನೈದು ಅಂಕಿಗಳಾಚೆ ಸೊನ್ನೆ ಕುಳಿತಿತ್ತು. ಉಲ್ಲೇಖ ಸಂಖ್ಯೆಯನ್ನು ಅಂಕಿ ಎಂದು ಓದಲೇಬಾರದು, ಪಠ್ಯ ಎಂದು ಓದಬೇಕು. ದಿನಾಂಕದಲ್ಲಿ 03/04 ಒಂದು ಕಡತಕ್ಕೆ ಏಪ್ರಿಲ್ 3, ಇನ್ನೊಂದಕ್ಕೆ ಮಾರ್ಚ್ 4. ತಿಂಗಳ 12ರ ನಂತರದ ದಿನಗಳು ಸರಿಯಾಗಿ ಓದಿಕೊಂಡಿದ್ದರಿಂದ ಇದು ಎರಡು ವಾರ ಕಣ್ಣಿಗೆ ಬೀಳಲಿಲ್ಲ.

ಹೆಚ್ಚು ಕಲಿಸಿದ್ದು ಮೂರನೆಯದು. ಒಂದೇ ದಿನ, ಒಂದೇ ಮೊತ್ತ, ಉಲ್ಲೇಖವಿಲ್ಲದ ಎರಡು ಪಾವತಿಗಳು ಪುಸ್ತಕದಲ್ಲಿದ್ದವು, ಬ್ಯಾಂಕಿನಲ್ಲಿ ಒಂದೇ. ಪೈಥಾನಿನ ಸೆಟ್ ಬಳಸಿ ಹೋಲಿಸಿದ್ದರಿಂದ ನಕಲುಗಳು ಒಂದಾಗಿ, ಎಲ್ಲ ಹೊಂದಿದೆ ಎಂದು ಪ್ರೋಗ್ರಾಂ ಸಾರಿತು. ಅಭ್ಯರ್ಥಿ ಅದನ್ನು ನಂಬಲಿಲ್ಲ. ಒಟ್ಟು ಮೊತ್ತಗಳಲ್ಲಿ ವ್ಯತ್ಯಾಸವಿದೆ, ವ್ಯತ್ಯಾಸ ಸರಿಯಾಗಿ ಒಂದು ಪಾವತಿಯಷ್ಟಿದೆ ಎಂದು ಕೈಲೆಕ್ಕದಲ್ಲಿ ಹಿಡಿದರು. ಪರಿಹಾರ, ಸೆಟ್ ಬದಲು ಎಣಿಕೆ ಇಟ್ಟುಕೊಳ್ಳುವ ಕೌಂಟರ್, ಒಂದಕ್ಕೆ ಒಂದೇ ಜೋಡಿ. ಕೊನೆಗೆ ಸೇರಿದ ಮೂರು ಸಾಲು ಇಡೀ ಪ್ರೋಗ್ರಾಮಿನ ಜೀವಾಳವಾದವು: ಜೋಡಿಯಾದ ಮೊತ್ತ ಮತ್ತು ಉಳಿದ ಮೊತ್ತ ಕೂಡಿಸಿದರೆ ಮೂಲ ಮೊತ್ತ ಬರಬೇಕು, ಬರದಿದ್ದರೆ ಓಡುವುದನ್ನೇ ನಿಲ್ಲಿಸು. ಇದನ್ನು ಯಾವ ಪಾಠವೂ ಹೇಳಿರಲಿಲ್ಲ. ಲೆಕ್ಕಪತ್ರದ ಕಸುಬು ಹೇಳಿಕೊಟ್ಟಿತ್ತು.

ಇಂಥ ಕಾವಲು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2020ರ ಇಂಗ್ಲೆಂಡಿನ ಉದಾಹರಣೆ ಇದೆ. ಎಕ್ಸೆಲ್‌ನ ಹಳೆಯ ಎಕ್ಸ್‌ಎಲ್‌ಎಸ್ ಕಡತದಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮಿಕ್ಕ ಸಾಲುಗಳು ಸದ್ದಿಲ್ಲದೆ ಬಿಟ್ಟುಹೋಗಿ 15,841 ಕೋವಿಡ್ ಪ್ರಕರಣಗಳು ಆಯಾ ದಿನದ ವರದಿಗೆ ಸೇರಲಿಲ್ಲ. ಒಳಬಂದ ಸಾಲೆಷ್ಟು, ಹೊರಹೋದ ಸಾಲೆಷ್ಟು ಎಂಬ ಒಂದು ಹೋಲಿಕೆ ಸಾಕಿತ್ತು.

ಷರತ್ತುಗಳಲ್ಲಿ ಮೊದಲನೆಯದು ಅಂಚಿನಲ್ಲಿ ಪಾರಾಯಿತು, ಒಂಬತ್ತರಲ್ಲಿ ಏಳು ವಾರ. ಉಳಿದೆರಡು ಸರಾಗ.

ಎಸ್‌ಕ್ಯೂಎಲ್

ಎಂಟು ವಾರ, ಸುಮಾರು 60 ಗಂಟೆ. ಎಸ್‌ಕ್ಯೂಲೈಟ್‌ನಲ್ಲಿ ಆರಂಭ, ಕೊನೆಯ ಎರಡು ವಾರ ಪೋಸ್ಟ್‌ಗ್ರೆಸ್ ಎಂಬ ದೊಡ್ಡ ಡೇಟಾಬೇಸ್. ಇಲ್ಲಿ ಅಭ್ಯರ್ಥಿ ಚುರುಕಾಗಿ ಮುಂದೆ ಹೋದರು. ಪಿವಟ್ ಟೇಬಲ್ ಬಲ್ಲವರಿಗೆ ಗುಂಪುವಾರು ಕೂಡಿಸುವ ಗ್ರೂಪ್ ಬೈ ಹೊಸದಲ್ಲ. ಎಡವಿದ್ದು ಎರಡು ಕಡೆ. ಇನ್‌ವಾಯ್ಸ್ ಪಟ್ಟಿಗೆ ಪಾವತಿ ಪಟ್ಟಿ ಜಾಯಿನ್ ಮಾಡಿದಾಗ (ಜೋಡಿಸಿದಾಗ), ಮೂರು ಕಂತಿನಲ್ಲಿ ಪಾವತಿಯಾದ ಇನ್‌ವಾಯ್ಸ್ ಮೂರು ಸಲ ಬಂದು ಮಾರಾಟದ ಮೊತ್ತ ಉಬ್ಬಿತು. ಪಾವತಿಗಳನ್ನು ಮೊದಲು ಇನ್‌ವಾಯ್ಸ್‌ವಾರು ಕೂಡಿಸಿ, ಆಮೇಲೆ ಜಾಯಿನ್ ಮಾಡಬೇಕು. ಇನ್ನೊಂದು ನಲ್, ಅಂದರೆ ಖಾಲಿ ಬಿಟ್ಟ ಮೌಲ್ಯ. ಗೊತ್ತಿಲ್ಲದ್ದು ಗೊತ್ತಿಲ್ಲದ್ದಕ್ಕೆ ಸಮವೇ ಎಂದರೆ ಎಸ್‌ಕ್ಯೂಎಲ್ ಹೌದೂ ಎನ್ನುವುದಿಲ್ಲ, ಅಲ್ಲವೂ ಎನ್ನುವುದಿಲ್ಲ. ಹಾಗಾಗಿ ವಿಭಾಗದ ಕೋಡ್ ಖಾಲಿ ಇದ್ದ ವೆಚ್ಚಗಳು 'ಆಡಳಿತ ವಿಭಾಗ' ಎಂಬ ಪಟ್ಟಿಯಲ್ಲೂ ಇರಲಿಲ್ಲ, 'ಆಡಳಿತವಲ್ಲದ್ದು' ಎಂಬ ಪಟ್ಟಿಯಲ್ಲೂ ಇರಲಿಲ್ಲ.

ಕೋರ್ಸು ಆರಿಸಿದ್ದು

ಈಗ ಅಭ್ಯರ್ಥಿಗೆ ಸರಿಯಾದ ಪ್ರಶ್ನೆ ಕೇಳುವಷ್ಟು ಗೊತ್ತಿತ್ತು. ಪರೀಕ್ಷೆಯನ್ನು ಮೊದಲು ಇಟ್ಟದ್ದರ ದೊಡ್ಡ ಲಾಭ ಇದೇ. ಮೂರು ಅರೆಕಾಲಿಕ ಕೋರ್ಸುಗಳಿಗೆ ಒಂದೇ ಪತ್ರ ಹೋಯಿತು. ನಾನು ಬರೆದ ಕೋಡನ್ನು ಯಾರು ಓದುತ್ತಾರೆ, ವಾರಕ್ಕೆ ಎಷ್ಟು ನಿಮಿಷ, ಎಷ್ಟು ದಿನದೊಳಗೆ ಮರಳುತ್ತದೆ? ಹಿಂದಿನ ತಂಡದ ಒಂದು ಪ್ರಾಜೆಕ್ಟಿನ ಗಿಟ್ ಇತಿಹಾಸ (ಕೋಡಿನ ಬದಲಾವಣೆಗಳ ದಾಖಲೆ) ನೋಡಬಹುದೇ? ಟೆಸ್ಟ್ (ಕೋಡನ್ನು ಪರೀಕ್ಷಿಸುವ ಕೋಡ್) ಬರೆಯುವುದು ಎಷ್ಟನೇ ವಾರದಲ್ಲಿ ಬರುತ್ತದೆ? ನಡುವೆ ನಿಂತರೆ ಹಣ ಎಷ್ಟು ವಾಪಸ್?

'ಶೇಕಡಾ ಇಷ್ಟು ಜನಕ್ಕೆ ಕೆಲಸ' ಎಂಬುದನ್ನು ಭಿನ್ನರಾಶಿಯಂತೆ ಬಿಡಿಸಬೇಕು. ಕೆಳಗಿನ ಸಂಖ್ಯೆ ಸೇರಿದವರದೋ, ಮುಗಿಸಿದವರದೋ, ಮುಗಿಸಿ 'ಕೆಲಸ ಹುಡುಕುತ್ತಿದ್ದೇನೆ' ಎಂದು ಸಹಿ ಹಾಕಿದವರದೋ? ಮೇಲಿನ ಸಂಖ್ಯೆಯಲ್ಲಿ ಅದೇ ಸಂಸ್ಥೆಯಲ್ಲಿ ಸಹಾಯಕ ಬೋಧಕರಾದವರು, ಬಿಡಿ ಕೆಲಸ ಮಾಡುವವರು ಸೇರಿದ್ದಾರೆಯೇ? ನೂರು ಜನ ಸೇರಿ, ಅರವತ್ತು ಮಂದಿ ಮುಗಿಸಿ, ನಲವತ್ತು ಮಂದಿ ಹುಡುಕಿ, ಮೂವತ್ತಾರು ಮಂದಿಗೆ ಸಿಕ್ಕರೆ ಅದನ್ನು ಶೇ. 90 ಎಂದೂ ಬರೆಯಬಹುದು, ಶೇ. 36 ಎಂದೂ ಬರೆಯಬಹುದು.

ಒಂದು ಕೋರ್ಸು ಶುಲ್ಕದ ಬದಲು ಮುಂದಿನ ಸಂಬಳದಲ್ಲಿ ಪಾಲು ಕೇಳಿತು. ಕಾಗದದಲ್ಲಿ ನೋಡಬೇಕಾದದ್ದು ಶೇಕಡಾ ಎಷ್ಟು ಎಂಬುದಷ್ಟೇ ಅಲ್ಲ. ಎಷ್ಟು ಸಂಬಳದಿಂದ ಕಡಿತ ಶುರು, ಎಷ್ಟು ತಿಂಗಳು, ಒಟ್ಟು ಗರಿಷ್ಠ ಎಷ್ಟು, 'ಸಂಬಂಧಪಟ್ಟ ಉದ್ಯೋಗ' ಎಂದರೆ ಯಾವುದು. ಈಗಿನ ಲೆಕ್ಕಪತ್ರದ ಸಂಬಳವೇ ಆ ಆರಂಭದ ಮಿತಿಗಿಂತ ಮೇಲಿತ್ತು. ಕೋರ್ಸಿನಿಂದ ಏನೂ ಆಗದಿದ್ದರೂ, ಕೆಲಸದ ಹೆಸರು ಸ್ವಲ್ಪ ಬದಲಾದರೆ ಸಾಕು, ಕಡಿತ ಶುರುವಾಗುತ್ತಿತ್ತು. ನಡುವಯಸ್ಸಿನವರಿಗೆ ಇಂಥ ಒಪ್ಪಂದ ಹೆಚ್ಚಾಗಿ ನಷ್ಟದ್ದೇ.

ಆರಿಸಿದ್ದು 26 ವಾರದ, ವಾರಕ್ಕೆ 10 ಗಂಟೆಯ ಕೋರ್ಸು, 260 ಗಂಟೆ. ಅಭ್ಯರ್ಥಿಯ ಲೆಕ್ಕದಲ್ಲಿ ಇದು 37 ವಾರ. ಗಡುವನ್ನು 40 ವಾರಕ್ಕೆ ಹಿಗ್ಗಿಸಲು ಬರವಣಿಗೆಯಲ್ಲಿ ಒಪ್ಪಿದ ಸಂಸ್ಥೆ ಒಂದೇ. ಪಠ್ಯಕ್ರಮದಲ್ಲಿ ಅದಕ್ಕಿಂತ ಚೆನ್ನಾಗಿದ್ದದ್ದು ಬೇರೊಂದಿತ್ತು, ಅದನ್ನು ಬಿಡಲಾಯಿತು.

ಕಚೇರಿಯ ಪ್ರಾಜೆಕ್ಟು

ಕೋರ್ಸಿನ ಇಪ್ಪತ್ತನೇ ವಾರದ ಹೊತ್ತಿಗೆ ಮೇಲಧಿಕಾರಿಯ ಲಿಖಿತ ಒಪ್ಪಿಗೆ ಪಡೆದು, ತಿಂಗಳ ತಾಳೆಯ ಒಂದು ಭಾಗವನ್ನು ಪ್ರೋಗ್ರಾಮಿಗೆ ವಹಿಸಲಾಯಿತು. ಮೂರು ತಿಂಗಳು ಕೈಯಿಂದಲೂ ಯಂತ್ರದಿಂದಲೂ ಎರಡೂ ಮಾಡಿ ಹೋಲಿಸಿದರು. ಎರಡು ದಿನದ ಕೆಲಸ ಮೂರು ಗಂಟೆಗೆ ಇಳಿಯಿತು, ಅದರಲ್ಲಿ ಎರಡೂವರೆ ಗಂಟೆ ಹೊಂದದ ಸಾಲುಗಳನ್ನು ಮನುಷ್ಯರು ನೋಡುವುದಕ್ಕೆ.

ಇಲ್ಲಿ ಮುಗ್ಧರಾಗಿ ತಪ್ಪುವವರು ಬಹಳ. ಕಚೇರಿಯ ವೇಳೆಯಲ್ಲಿ, ಕಚೇರಿಯ ದತ್ತಾಂಶಕ್ಕೆ ಬರೆದ ಕೋಡ್ ಸಾಮಾನ್ಯವಾಗಿ ಕಚೇರಿಯದೇ ಆಸ್ತಿ. ಅದನ್ನು ಗಿಟ್‌ಹಬ್ ಎಂಬ ಕೋಡ್ ಹಂಚುವ ತಾಣಕ್ಕೆ ಹಾಕಿ ಸಂದರ್ಶನದಲ್ಲಿ ತೋರಿಸಿದರೆ ಕೆಲಸಕ್ಕೇ ಕುತ್ತು. ಅಭ್ಯರ್ಥಿ ಅದೇ ಬಗೆಯ ಸಮಸ್ಯೆಗೆ ಮನೆಯಲ್ಲಿ ಮೊದಲಿಂದ ಬೇರೆ ಪ್ರೋಗ್ರಾಂ ಬರೆದು, 5,000 ಸಾಲಿನ ಕಲ್ಪಿತ ವಹಿವಾಟನ್ನು ಇನ್ನೊಂದು ಪ್ರೋಗ್ರಾಮಿನಿಂದ ಹುಟ್ಟಿಸಿದರು. ಬೇಕೆಂದೇ ಅದರಲ್ಲಿ ನಕಲು, ತಪ್ಪು ದಿನಾಂಕ, ಕಳೆದ ಸೊನ್ನೆ ಸೇರಿಸಿದರು. ಆ ಹಾಳು ದತ್ತಾಂಶವೇ ಸಂದರ್ಶಕರ ಕುತೂಹಲ ಕೆರಳಿಸಿತು.

ಫಲಿತಾಂಶ

ಹದಿನಾಲ್ಕನೇ ತಿಂಗಳಿನಿಂದ ಅರ್ಜಿಗಳು. ಹೊರಗಿನ ಎರಡು ಸಂದರ್ಶನಗಳು ಅಲ್ಗಾರಿದಮ್ (ಸಮಸ್ಯೆ ಬಿಡಿಸುವ ವಿಧಾನದ) ಸುತ್ತಿನಲ್ಲೇ ಮುಗಿದವು. ಪಟ್ಟಿಯೊಳಗೆ ಪಟ್ಟಿ ಸುತ್ತುವ ಪರಿಹಾರ ಬರೆದರು. ಹೆಸರು ಹಿಡಿದು ನೇರ ಹುಡುಕುವ ಡಿಕ್ಷನರಿ ಬಳಸಿ ಒಂದೇ ಸುತ್ತಿನಲ್ಲಿ ಮುಗಿಸುವುದು ಹೊಳೆಯಲಿಲ್ಲ. ಕೋರ್ಸು ಅದಕ್ಕೆ ಕೊಟ್ಟದ್ದು ಒಂದೇ ವಾರ. ಆರಿಸುವಾಗ ಈ ಕೊರತೆಯನ್ನು ತೂಗದೇ ಇದ್ದದ್ದು ಯೋಜನೆಯ ತಪ್ಪು, ಕಲಿತವರದ್ದಲ್ಲ.

ಹದಿನೇಳನೇ ತಿಂಗಳು ಅದೇ ಸಂಸ್ಥೆಯ ವರದಿ ವ್ಯವಸ್ಥೆಗಳ ತಂಡಕ್ಕೆ ಒಳವರ್ಗಾವಣೆ ಆಯಿತು. ಸಂಬಳ ಹೆಚ್ಚಲಿಲ್ಲ, ಇಳಿಯಲೂ ಇಲ್ಲ. ಉಳಿತಾಯಕ್ಕೆ ಕೈ ಹಾಕಿದ್ದು ಕೋರ್ಸಿನ ಶುಲ್ಕಕ್ಕೆ ಮಾತ್ರ. ಮೊದಲ ಕನಸಾಗಿದ್ದ ವೆಬ್ ಪುಟಗಳ ಕೆಲಸ ಇದರಲ್ಲಿ ಒಂದಿಷ್ಟೂ ಇಲ್ಲ.

ಈಗ ಅಲ್ಗಾರಿದಮ್ ಕೊರತೆ ತುಂಬಲು, ಕ್ರೆಡಿಟ್ ವರ್ಗಾಯಿಸಬಹುದಾದ ಎರಡು ಬಿಡಿ ಕೋರ್ಸುಗಳು ಗೊತ್ತಾಗಿವೆ: ಡೇಟಾ ಸ್ಟ್ರಕ್ಚರ್, ಆಮೇಲೆ ಡೇಟಾಬೇಸ್. ಅವು ದಾಟಿದರೆ ಸ್ನಾತಕೋತ್ತರ ಪದವಿಯ ಅರ್ಜಿ, ಇಲ್ಲದಿದ್ದರೆ ಅಷ್ಟಕ್ಕೇ ನಿಲ್ಲಿಸುವುದು. ಮೊದಲ ಕೋರ್ಸನ್ನು ವರ್ಷಾಂತ್ಯ ಕಳೆದ ಮೇಲಿನ ಸೆಮಿಸ್ಟರಿಗೆ ಮುಂದೂಡಲಾಗಿದೆ. ಕ್ಲೋಸಿಂಗ್ ಈಗ ಅವರ ಮೇಜಿಗೆ ಬರುವುದಿಲ್ಲ, ಆದರೆ ಅವರು ಬರೆದ ತಾಳೆ ಪ್ರೋಗ್ರಾಂ ಮೊದಲ ಬಾರಿ ಇಡೀ ವರ್ಷದ ಲೆಕ್ಕದ ಮೇಲೆ ಓಡುವುದು ಆಗಲೇ.